ಲೆಕ್ಕಪತ್ರ ಮಾನದಂಡಗಳನ್ನು ಓದುವ ಬಗೆ

1993ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಷೇರು ನ್ಯೂಯಾರ್ಕ್ ಷೇರುಪೇಟೆಯಲ್ಲಿ ವ್ಯವಹಾರಕ್ಕೆ ಬಂತು. ಅಲ್ಲಿ ಪಟ್ಟಿಯಾದ ಮೊದಲ ಜರ್ಮನ್ ಕಂಪನಿ ಅದು. ಅಮೆರಿಕದ ಜನರಿಗೆ ಷೇರು ಮಾರಬೇಕಾದರೆ ಅಮೆರಿಕದ ನಿಯಮದಂತೆಯೂ ಲೆಕ್ಕ ಒಪ್ಪಿಸಬೇಕಿತ್ತು. ಆ ವರ್ಷದ ಲೆಕ್ಕ ಹೊರಬಿದ್ದಾಗ ಹೂಡಿಕೆದಾರರು ಬೆಚ್ಚಿದರು. ಜರ್ಮನಿಯ ನಿಯಮದ ಪ್ರಕಾರ ಕಂಪನಿಗೆ ಸುಮಾರು 61 ಕೋಟಿ ಮಾರ್ಕ್ ಲಾಭ. ಅಮೆರಿಕದ ನಿಯಮದ ಪ್ರಕಾರ ಸುಮಾರು 184 ಕೋಟಿ ಮಾರ್ಕ್ ನಷ್ಟ. ಕಾರ್ಖಾನೆ ಅದೇ, ಕಾರು ಅದೇ, ಮಾರಾಟವೂ ಅದೇ.

ಇಲ್ಲಿ ಯಾರೂ ಕಳ್ಳಲೆಕ್ಕ ಬರೆದಿರಲಿಲ್ಲ. ಆ ಕಾಲದ ಜರ್ಮನಿಯಲ್ಲಿ ಕಂಪನಿಗಳಿಗೆ ಬಂಡವಾಳ ಒದಗಿಸುತ್ತಿದ್ದವರಲ್ಲಿ ಬ್ಯಾಂಕುಗಳದ್ದೇ ದೊಡ್ಡ ಪಾಲು. ಸಾಲ ಕೊಟ್ಟವರಿಗೆ ಬೇಕಿದ್ದುದು ಕಂಪನಿ ಗಟ್ಟಿಯಾಗಿ ಉಳಿಯುವುದು. ಹಾಗಾಗಿ ಒಳ್ಳೆಯ ವರ್ಷದಲ್ಲಿ ಒಂದಿಷ್ಟು ಲಾಭವನ್ನು ಮುಂದಿನ ಕಷ್ಟಕ್ಕೆಂದು ಎತ್ತಿಟ್ಟು, ಕೆಟ್ಟ ವರ್ಷದಲ್ಲಿ ಅದನ್ನು ಹೊರತೆಗೆದು ಲಾಭಕ್ಕೆ ಸೇರಿಸಿಕೊಳ್ಳಲು ಅಲ್ಲಿನ ನಿಯಮ ಧಾರಾಳವಾಗಿ ಬಿಟ್ಟಿತ್ತು. ಅಮೆರಿಕದಲ್ಲಿ ಬಂಡವಾಳ ಬರುತ್ತಿದ್ದುದು ಷೇರುಪೇಟೆಯಿಂದ. ಷೇರು ಕೊಳ್ಳುವವನಿಗೆ ಈ ವರ್ಷ ನಿಜಕ್ಕೂ ಏನಾಯಿತು ಎಂಬುದು ಗೊತ್ತಾಗಬೇಕು. ಎತ್ತಿಟ್ಟ ಗಂಟಿನಿಂದ ತಂದ ಹಣವನ್ನು ಈ ವರ್ಷದ ಗಳಿಕೆ ಎಂದು ಅಲ್ಲಿನ ನಿಯಮ ಒಪ್ಪಲಿಲ್ಲ.

ಲೆಕ್ಕಪತ್ರ ಮಾನದಂಡವನ್ನು, ಅಂದರೆ ಅಕೌಂಟಿಂಗ್ ಸ್ಟ್ಯಾಂಡರ್ಡನ್ನು, ಓದಲು ಕೂತ ಬಿ.ಕಾಂ. ವಿದ್ಯಾರ್ಥಿ ಮೊದಲ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದರೊಳಗಿದೆ. ಈ ನಿಯಮ ಇಲ್ಲದಿದ್ದರೆ ಯಾರು ಮೋಸಹೋಗುತ್ತಿದ್ದರು? ಪ್ರತಿಯೊಂದು ಮಾನದಂಡದ ಹಿಂದೆಯೂ ಅಂಥ ಒಬ್ಬ ಓದುಗನಿದ್ದಾನೆ. ಅವನು ಷೇರುದಾರನಾಗಿರಬಹುದು, ಸಾಲ ಕೊಟ್ಟ ಬ್ಯಾಂಕಾಗಿರಬಹುದು, ಪಿಂಚಣಿ ನಂಬಿ ಕೂತ ನೌಕರನಾಗಿರಬಹುದು. ಅವನನ್ನು ಕಾಣದೆ ಓದಿದರೆ ಮಾನದಂಡ ಬರೀ ನಂಬರುಗಳ ಪಟ್ಟಿಯಾಗಿ ಉಳಿಯುತ್ತದೆ. ಪರೀಕ್ಷೆ ಮುಗಿದ ವಾರಕ್ಕೇ ಮರೆತುಹೋಗುತ್ತದೆ.

ನಮ್ಮಲ್ಲಿ ಬಂದ ದಾರಿ

ಭಾರತದ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಹುಟ್ಟಿದ್ದು 1949ರಲ್ಲಿ. ಮಾನದಂಡ ಬರೆಯಲೆಂದೇ ಅದು 1977ರಲ್ಲಿ ಒಂದು ಮಂಡಳಿಯನ್ನು ಮಾಡಿತು. ಎರಡು ವರ್ಷದ ಮೇಲೆ ಎಎಸ್ 1 ಬಂತು: ಕಂಪನಿ ಯಾವ ಪದ್ಧತಿಯಲ್ಲಿ ಲೆಕ್ಕ ಬರೆದಿದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು ಎನ್ನುವ ಮಾನದಂಡ. ಶುರುವಿನಲ್ಲಿ ಇವೆಲ್ಲ ಶಿಫಾರಸುಗಳಾಗಿದ್ದವು, ಆಮೇಲೆ ಒಂದೊಂದಾಗಿ ಕಡ್ಡಾಯವಾದವು. ಕಂಪನಿ ಕಾಯ್ದೆಗೆ 1999ರಲ್ಲಿ ಆದ ತಿದ್ದುಪಡಿಯಿಂದ ಇವಕ್ಕೆ ಕಾನೂನಿನ ಬಲ ಸಿಕ್ಕಿತು. 2006ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಇವನ್ನು ನಿಯಮಗಳಾಗಿ ಅಧಿಸೂಚಿಸಿತು. ಇಂದಿನ ಕಂಪನಿ ಕಾಯ್ದೆ 2013ರದು. ಅದರ 133ನೇ ಕಲಮು ಮಾನದಂಡಗಳ ಬೇರು.

ಅದೇ 1999ರ ಮಾರ್ಚ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್ ಅಮೆರಿಕದ ನಾಸ್ಡಾಕ್‌ನಲ್ಲಿ ಪಟ್ಟಿಯಾಯಿತು. ಭಾರತದಲ್ಲಿ ನೋಂದಾಯಿತವಾದ ಕಂಪನಿಯೊಂದು ಅಲ್ಲಿಗೆ ಹೋದದ್ದು ಅದೇ ಮೊದಲು. ಒಂದೇ ವ್ಯವಹಾರವನ್ನು ಭಾರತದ ನಿಯಮದಲ್ಲೂ ಅಮೆರಿಕದ ನಿಯಮದಲ್ಲೂ ಬರೆಯಬಲ್ಲವರು ಬೆಂಗಳೂರಿಗೆ ಬೇಕಾದರು. ಈಗ ಅದೇ ಊರಿನಲ್ಲಿ ಹೊರದೇಶದ ಕಂಪನಿಗಳ ಲೆಕ್ಕ ನೋಡಿಕೊಳ್ಳುವ ಕಚೇರಿಗಳಿಗೆ ಲೆಕ್ಕವಿಲ್ಲ. ಮೈಸೂರು, ದಾವಣಗೆರೆ, ಕಲಬುರಗಿಯಿಂದ ಬಿ.ಕಾಂ. ಮುಗಿಸಿ ಬಂದವರು ಅಲ್ಲಿ ಕೂತು ಜರ್ಮನಿಯದೋ ಬ್ರಿಟನ್ನಿನದೋ ಕಂಪನಿಯ ತಿಂಗಳ ಲೆಕ್ಕ ಮುಗಿಸುತ್ತಾರೆ. ಮಾನದಂಡ ಗೊತ್ತಿದ್ದವನಿಗೂ ಬರೀ ಜರ್ನಲ್ ಎಂಟ್ರಿ ಗೊತ್ತಿದ್ದವನಿಗೂ ಅಲ್ಲಿ ಸಿಗುವ ಕೆಲಸವೇ ಬೇರೆ.

ಲಂಡನ್ನಿನಲ್ಲಿ ನೆಲೆಯಿರುವ ಅಂತರರಾಷ್ಟ್ರೀಯ ಮಂಡಳಿಯ ಮಾನದಂಡಗಳನ್ನು ಜಗತ್ತಿನ ಬಹಳಷ್ಟು ದೇಶಗಳು ಒಪ್ಪಿಕೊಳ್ಳುತ್ತ ಬಂದವು. ಭಾರತ ಅವನ್ನು ಇದ್ದದ್ದು ಇದ್ದಂತೆ ತೆಗೆದುಕೊಳ್ಳಲಿಲ್ಲ. ಅವಕ್ಕೆ ಹತ್ತಿರವಾಗಿ, ಬೇಕಾದ ಕಡೆ ತಿದ್ದಿಕೊಂಡು, 2015ರ ಫೆಬ್ರವರಿಯಲ್ಲಿ 39 ಹೊಸ ಮಾನದಂಡಗಳನ್ನು ಹೊರತಂದಿತು. ಇಂಡ್ ಎಎಸ್ ಎಂದು ಕರೆಯುವುದು ಇವನ್ನೇ. 2016ರ ಏಪ್ರಿಲ್ 1ರಿಂದ, 500 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಮೌಲ್ಯವಿದ್ದ ಕಂಪನಿಗಳು ಇದಕ್ಕೆ ಬಂದವು. ಮರುವರ್ಷ ಷೇರುಪೇಟೆಯಲ್ಲಿ ಪಟ್ಟಿಯಾದ ಉಳಿದ ಕಂಪನಿಗಳೂ, ಪಟ್ಟಿಯಾಗದಿದ್ದರೂ 250 ಕೋಟಿ ದಾಟಿದ್ದವೂ ಸೇರಿದವು. ಸಣ್ಣ ಉದ್ದಿಮೆಗಳ ಪ್ರತ್ಯೇಕ ಪೇಟೆಯಲ್ಲಿ ಪಟ್ಟಿಯಾದವಕ್ಕೆ ವಿನಾಯಿತಿ ಇದೆ. ಒಮ್ಮೆ ಒಳಗೆ ಬಂದ ಕಂಪನಿ ಹಳೆಯ ಪದ್ಧತಿಗೆ ಮರಳುವಂತಿಲ್ಲ.

ಬ್ಯಾಂಕುಗಳ ಕತೆ ಬೇರೆ. ಅವೂ ಇದಕ್ಕೆ ಬರಬೇಕಿತ್ತು. 2019ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಮುಂದಿನ ಸೂಚನೆಯವರೆಗೆ ಮುಂದೂಡಿತು. ಹೀಗಾಗಿ ವಿದ್ಯಾರ್ಥಿ ಎರಡನ್ನೂ ಕಲಿಯಬೇಕಾಗುತ್ತದೆ. ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್. ಉಳಿದ ಕಂಪನಿಗಳಿಗೂ ಬ್ಯಾಂಕುಗಳಿಗೂ ಹಳೆಯ ಎಎಸ್. ಈ ಎಎಸ್‌ಗಳ ನಿಯಮವನ್ನು 2021ರಲ್ಲಿ ಹೊಸದಾಗಿ ಹೊರಡಿಸಲಾಗಿದೆ, ಅದರಲ್ಲಿ ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಕೆಲವು ರಿಯಾಯಿತಿಗಳಿವೆ. ಪಾಲುದಾರಿಕೆ ಸಂಸ್ಥೆಯಂಥವಕ್ಕೆ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಹೊರಡಿಸಿದ ಮಾನದಂಡಗಳು.

ನಂಬರುಗಳ ಗೊಂದಲ ಬಿಡಿಸುವ ಒಂದು ಸುಳಿವು ಇಲ್ಲೇ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಹಳೆಯವು ಐಎಎಸ್, 2001ರ ನಂತರ ಹೊಸದಾಗಿ ಬಂದವು ಐಎಫ್‌ಆರ್‌ಎಸ್. ಐಎಎಸ್ 16ಕ್ಕೆ ನಮ್ಮಲ್ಲಿ ಇಂಡ್ ಎಎಸ್ 16, ನಂಬರು ಹಾಗೆಯೇ. ಐಎಫ್‌ಆರ್‌ಎಸ್ 15ಕ್ಕೆ ಇಂಡ್ ಎಎಸ್ 115, ನೂರು ಸೇರಿಸಿದರಾಯಿತು. ಹಳೆಯ ಎಎಸ್‌ಗಳ ಎಣಿಕೆಗೂ ಇದಕ್ಕೂ ಸಂಬಂಧವಿಲ್ಲ. ಎಎಸ್ 10ರಲ್ಲಿರುವ ಯಂತ್ರ, ಕಟ್ಟಡದಂಥ ಆಸ್ತಿಯ ವಿಷಯ ಇಂಡ್ ಎಎಸ್ 16ರಲ್ಲಿದೆ. ಎಎಸ್ 16 ಹೇಳುವುದು ಸಾಲದ ಬಡ್ಡಿಯ ವಿಷಯ.

ಮಾರ್ಚ್ 31ರ ಕಾಫಿ ತೋಟ

ಮಾನದಂಡ ಹೇಗೆ ಯೋಚಿಸುತ್ತದೆ ಎಂದು ನೋಡಲು ನಮ್ಮಲ್ಲಿ ಕಾಫಿ ತೋಟಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ ಎಂದು ನನ್ನ ಎಣಿಕೆ. ದೇಶದ ಕಾಫಿಯಲ್ಲಿ ಬಹುಪಾಲು ಕೊಡಗು, ಚಿಕ್ಕಮಗಳೂರು, ಹಾಸನದಿಂದ ಬರುತ್ತದೆ. ಅಲ್ಲಿನ ಒಂದು ದೊಡ್ಡ ಪ್ಲಾಂಟೇಷನ್ ಕಂಪನಿಯ ಲೆಕ್ಕವನ್ನು ಇಂಡ್ ಎಎಸ್ ಪ್ರಕಾರ ಬರೆಯಬೇಕು ಎಂದಿಟ್ಟುಕೊಳ್ಳಿ. ತೋಟದಲ್ಲಿ ಏನೇನಿದೆ? ನೆಲ. ಕಾಫಿ ಗಿಡ. ಗಿಡದ ಮೇಲಿನ ಹಣ್ಣು. ನೆರಳಿಗೆ ನೆಟ್ಟ ಸಿಲ್ವರ್ ಓಕ್. ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಕಣದಲ್ಲಿ ಒಣಗುತ್ತಿರುವ ಚೆರ್ರಿ. ಗೋದಾಮಿನಲ್ಲಿ ಪೇರಿಸಿದ ಮೂಟೆ. ತೋಟದ ಮಾಲೀಕನ ಕಣ್ಣಿಗೆ ಇದೆಲ್ಲ ಒಂದೇ ತೋಟ. ಮಾನದಂಡದ ಕಣ್ಣಿಗೆ ಬೇರೆ ಬೇರೆ.

ಕಾಫಿ ಗಿಡ ವರ್ಷವರ್ಷವೂ ಫಸಲು ಕೊಡುತ್ತದೆ. ಗಿಡವನ್ನೇ ಫಸಲೆಂದು ಯಾರೂ ಮಾರುವುದಿಲ್ಲ, ಮುದಿಯಾದಾಗ ಕಿತ್ತು ಸೌದೆಗೆ ಹಾಕಿದರೆ ಅದು ಲೆಕ್ಕಕ್ಕಿಲ್ಲ. ಇಂಥ ಗಿಡವನ್ನು ಮಾನದಂಡ ಕಾರ್ಖಾನೆಯ ಯಂತ್ರದ ಸಾಲಿನಲ್ಲಿ ಇಡುತ್ತದೆ. ಯಂತ್ರ ವರ್ಷವರ್ಷವೂ ಸರಕು ಕೊಡುತ್ತ ಸವೆಯುವ ಹಾಗೆ ಗಿಡವೂ ಫಸಲು ಕೊಡುತ್ತ ಸವೆಯುತ್ತದೆ. ಆದ್ದರಿಂದ ಗಿಡಕ್ಕೆ ಇಂಡ್ ಎಎಸ್ 16. ನೆಟ್ಟು ಬೆಳೆಸಿದ ಖರ್ಚನ್ನು ಆಸ್ತಿಯಾಗಿ ಬರೆದು, ಫಸಲಿಗೆ ಬಂದ ಮೇಲೆ ವರ್ಷವರ್ಷ ಸವಕಳಿ ಹಾಕುವುದು. ಅಂತರರಾಷ್ಟ್ರೀಯ ಮಾನದಂಡದಲ್ಲೂ ಮೊದಲು ಹೀಗಿರಲಿಲ್ಲ. ಗಿಡವನ್ನೇ ಪ್ರತಿವರ್ಷ ಪೇಟೆಯ ಬೆಲೆಯಲ್ಲಿ ಅಳೆಯಬೇಕಿತ್ತು. ನೆಲದಲ್ಲಿ ಬೇರೂರಿದ ಗಿಡವೊಂದಕ್ಕೆ ಬೇರೆಯಾಗಿ ಪೇಟೆ ಎಲ್ಲಿದೆ ಎಂದು ಪ್ಲಾಂಟೇಷನ್ ದೇಶಗಳು ಕೇಳಿದವು. 2014ರಲ್ಲಿ ಮಂಡಳಿ ನಿಯಮವನ್ನು ತಿದ್ದಿತು.

ಗಿಡದ ಮೇಲಿರುವ ಹಣ್ಣಿಗೆ ಮಾತ್ರ ಇಂಡ್ ಎಎಸ್ 41, ಅಂದರೆ ಕೃಷಿಯ ಮಾನದಂಡ. ಹಣ್ಣು ಗಿಡದಲ್ಲಿರುವಾಗಲೇ ಅದರ ನ್ಯಾಯಬೆಲೆಯಿಂದ ಮಾರುವ ಖರ್ಚು ಕಳೆದು ಅಳೆಯಬೇಕು. ಬೆಲೆ ಏರಿದರೆ ಆ ವರ್ಷದ ಲಾಭ, ಇಳಿದರೆ ನಷ್ಟ. ಕೊಯ್ಲಿನ ಹೊತ್ತಿಗೆ ಯಾವ ಮೌಲ್ಯವಿತ್ತೋ ಅದೇ ಅಸಲಾಗಿ, ಮುಂದೆ ಕಣದಿಂದ ಗೋದಾಮಿನವರೆಗೆ ಇಂಡ್ ಎಎಸ್ 2, ಅಂದರೆ ದಾಸ್ತಾನಿನ ಮಾನದಂಡ, ಅನ್ವಯಿಸುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿ ಕೈ ಎತ್ತಬೇಕು. ಮಾರದೆ ಲಾಭ ಬರೆಯಬಾರದು ಎಂದಲ್ಲವೇ ಪಿಯುಸಿಯಲ್ಲಿ ಕಲಿತದ್ದು? ಹೌದು. ಆ ಎಚ್ಚರಿಕೆಯನ್ನು ಮಾನದಂಡ ಬಿಟ್ಟುಕೊಟ್ಟದ್ದಕ್ಕೆ ಕಾರಣವಿದೆ. ಕೃಷಿಯಲ್ಲಿ ದುಡಿಮೆಯ ಫಲ ಕಾಣುವುದು ಬೆಳವಣಿಗೆಯಲ್ಲಿ. ಈ ವರ್ಷ ಸೊಗಸಾದ ಫಸಲು ಬಂದು, ಒಳ್ಳೆಯ ಬೆಲೆಗೆ ಕಾಯುತ್ತ ಕಂಪನಿ ಮೂಟೆಗಳನ್ನು ಇಟ್ಟುಕೊಂಡರೆ, ಹಳೆಯ ಲೆಕ್ಕದಲ್ಲಿ ಇದು ಬಡ ವರ್ಷ. ಮಳೆ ಕೈಕೊಟ್ಟ ಮರುವರ್ಷ ಆ ಮೂಟೆಗಳನ್ನು ಮಾರಿದರೆ ಅದು ಶ್ರೀಮಂತ ವರ್ಷ. ಎರಡೂ ಸುಳ್ಳು. ಹೊಸ ಅಳತೆಯಲ್ಲೂ ಅಪಾಯ ಇಲ್ಲದಿಲ್ಲ. ಕಾಫಿಯ ಬೆಲೆ ಎಲ್ಲೋ ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಇಲ್ಲಿ ಜಿಗಿಯುತ್ತದೆ, ಕೈಗೆ ಬಾರದ ಲಾಭ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಇಂಥ ಏರಿಳಿತವನ್ನು ಬೇರೆಯಾಗಿ ತೋರಿಸಿ, ಹೇಗೆ ಅಳೆದಿರಿ ಎಂದು ಟಿಪ್ಪಣಿಯಲ್ಲಿ ವಿವರಿಸಿ ಎನ್ನುತ್ತದೆ ಮಾನದಂಡ.

ಇನ್ನೂ ಒಂದು ಸೂಕ್ಷ್ಮವಿದೆ. ನಮ್ಮ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಷ್ಟು ಹೊತ್ತಿಗೆ ಅರೇಬಿಕಾ ಕೊಯ್ಲು ಮುಗಿದು ಎಷ್ಟೋ ದಿನವಾಗಿರುತ್ತದೆ, ರೋಬಸ್ಟಾ ಕೊಯ್ಲೂ ಮುಗಿಯುತ್ತ ಬಂದಿರುತ್ತದೆ. ಹೂಮಳೆ ಬಿದ್ದ ತೋಟದಲ್ಲಿ ಗಿಡದ ತುಂಬ ಬಿಳಿ ಹೂವು. ಮುಂದಿನ ಫಸಲು ಹಣ್ಣಾಗಲು ಇನ್ನೂ ಎಂಟು ಹತ್ತು ತಿಂಗಳಿದೆ. ಆ ದಿನ ಗಿಡದ ಮೇಲಿರುವ ‘ಹಣ್ಣಿನ’ ನ್ಯಾಯಬೆಲೆ ಎಷ್ಟು? ಮಾನದಂಡ ಇದನ್ನೂ ಯೋಚಿಸಿದೆ. ಖರ್ಚು ಮಾಡಿದ ಮೇಲೆ ಬೆಳವಣಿಗೆ ಹೆಚ್ಚೇನೂ ಆಗಿರದಿದ್ದರೆ ಆ ಖರ್ಚೇ ನ್ಯಾಯಬೆಲೆಗೆ ಹತ್ತಿರ ಎಂದು ತೆಗೆದುಕೊಳ್ಳಬಹುದು ಎನ್ನುತ್ತದೆ. ಹೂವು ಎಷ್ಟು ಕಟ್ಟಿದೆ, ಹೂಮಳೆಯ ನಂತರ ಬೇಕಾದ ಮಳೆ ಬಂದಿದೆಯೇ, ಕಾಯಿ ನಿಂತಿದೆಯೇ ಎಂದು ನೋಡಿ ತೀರ್ಮಾನಿಸುವುದು ಲೆಕ್ಕಿಗನ ವಿವೇಚನೆ. ಗಿಡದ ಹತ್ತಿರ ಹೋಗಿ ನೋಡದವನಿಂದ ಇದು ಆಗುವ ಕೆಲಸವಲ್ಲ.

ಸಿಲ್ವರ್ ಓಕ್‌ನ ವಿಷಯ ತೆಗೆದುಕೊಳ್ಳಿ. ಅದನ್ನು ನೆಟ್ಟಿದ್ದು ನೆರಳಿಗೆ, ಮೆಣಸಿನ ಬಳ್ಳಿಗೆ ಆಸರೆಗೆ. ಬಲಿತ ಮೇಲೆ ಕಡಿದು ಮರದ ವ್ಯಾಪಾರಿಗೆ ಮಾರುವುದೂ ಉಂಟು. ಹಾಗಾದರೆ ಅದು ಯಂತ್ರದ ಸಾಲಿಗೆ ಸೇರುತ್ತದೆಯೋ ಫಸಲಿನ ಸಾಲಿಗೋ? ಮಾರುವ ಸಂಭವ ಅತ್ಯಲ್ಪವೇ ಅಲ್ಲವೇ ಎಂಬುದೇ ಕಸೋಟಿ. ದಿಮ್ಮಿಗಾಗಿ ಬೆಳೆಸಿದ ಮರ ಇಂಡ್ ಎಎಸ್ 41ಕ್ಕೆ ಹೋಗುತ್ತದೆ. ಅದೇ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇಂಡ್ ಎಎಸ್ 16ಕ್ಕೆ. ಕಂಪನಿಯ ಉದ್ದೇಶವೇನು, ಹಿಂದೆ ಎಷ್ಟು ಮರ ಕಡಿದು ಮಾರಿದೆ ಎಂಬ ದಾಖಲೆ ನೋಡದೆ ಉತ್ತರ ಹೇಳಲಾಗದು. ಇಂಥ ಒಂದು ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಿಜವಾಗಿ ಓದಿದವರು ಯಾರೆಂದು ತಿಳಿಯುತ್ತದೆ.

ಹತ್ತು ಎಕರೆ ತೋಟವಿರುವ ಬೆಳೆಗಾರನಿಗೆ ಇದಾವುದೂ ಅನ್ವಯಿಸುವುದಿಲ್ಲ. ಅವನ ಲೆಕ್ಕ ಓದುವವರು ಅವನೂ ಅವನ ಬ್ಯಾಂಕೂ ಮಾತ್ರ. ಕಾಣದ ಊರಿನ ಸಾವಿರಾರು ಜನರ ಹಣ ಸೇರಿದಾಗಲೇ ಈ ಕಟ್ಟುನಿಟ್ಟು ಬೇಕಾಗುವುದು.

ಬಾಡಿಗೆಯೊಳಗೆ ಅಡಗಿದ್ದ ಸಾಲ

ಒಂದು ಕಂಪನಿ ಊರೂರಲ್ಲಿ ಅಂಗಡಿ ಬಾಡಿಗೆಗೆ ಹಿಡಿದು ಬಟ್ಟೆ ಮಾರುತ್ತದೆ. ಒಂದು ಅಂಗಡಿಗೆ ಐದು ವರ್ಷದ ಕರಾರು, ವರ್ಷದ ಕೊನೆಗೆ ಒಂದು ಲಕ್ಷ ಬಾಡಿಗೆ, ನಡುವೆ ಬಿಡುವಂತಿಲ್ಲ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೊಂದು ಲಕ್ಷ ಖರ್ಚು ಬರೆದರೆ ಮುಗಿಯಿತು. ಅಢಾವೆ ಪತ್ರಿಕೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೆ ಐದು ವರ್ಷ ಕೊಡಲೇಬೇಕಾದ ಹಣ ಸಾಲವಲ್ಲದೆ ಮತ್ತೇನು? ಸಾಲ ಮಾಡಿ ಅಂಗಡಿ ಕೊಂಡ ಕಂಪನಿಯ ಸಾಲ ಎಲ್ಲರಿಗೂ ಕಾಣುತ್ತದೆ, ಬಾಡಿಗೆಗೆ ಹಿಡಿದವನದು ಕಾಣುವುದಿಲ್ಲ. ಎರಡನ್ನೂ ಹೋಲಿಸಿ ನೋಡುವ ಹೂಡಿಕೆದಾರ ಮೋಸಹೋಗುತ್ತಾನೆ.

2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116 ಇದನ್ನು ತೆರೆದಿಟ್ಟಿತು. ಲೆಕ್ಕ ಹಾಕಿ ನೋಡೋಣ. ಶೇಕಡಾ 10ರ ಬಡ್ಡಿಯಲ್ಲಿ ಆ ಐದು ಲಕ್ಷದ ಇಂದಿನ ಮೌಲ್ಯ 3,79,079 ರೂಪಾಯಿ. ಮೊದಲ ದಿನವೇ ಇಷ್ಟನ್ನು ಒಂದು ಕಡೆ ಹೊಣೆಯಾಗಿಯೂ, ಇನ್ನೊಂದು ಕಡೆ ಅಂಗಡಿಯನ್ನು ಬಳಸುವ ಹಕ್ಕೆಂಬ ಆಸ್ತಿಯಾಗಿಯೂ ಬರೆಯಬೇಕು. ಆಸ್ತಿಗೆ ವರ್ಷಕ್ಕೆ 75,816 ರೂಪಾಯಿ ಸವಕಳಿ. ಹೊಣೆಗೆ ಬಡ್ಡಿ ಮೊದಲ ವರ್ಷ 37,908, ಕೊನೆಯ ವರ್ಷ 9,091. ಹೀಗೆ ಮೊದಲ ವರ್ಷದ ಖರ್ಚು 1,13,724 ಆಗುತ್ತದೆ, ಐದನೆಯ ವರ್ಷದ್ದು 84,907. ಐದೂ ವರ್ಷ ಕೂಡಿದರೆ ಅದೇ ಐದು ಲಕ್ಷ.

ಕೈಯಿಂದ ಹೋದ ಹಣದಲ್ಲಿ ಒಂದು ಪೈಸೆಯೂ ವ್ಯತ್ಯಾಸವಾಗಿಲ್ಲ. ಆದರೂ ಕಂಪನಿಯ ಸಾಲದ ಅನುಪಾತ ಬದಲಾಯಿತು, ಮೊದಲ ವರ್ಷಗಳ ಲಾಭ ಇಳಿಯಿತು, ಬಾಡಿಗೆ ಎಂಬ ಬಾಬತ್ತು ಸವಕಳಿ ಮತ್ತು ಬಡ್ಡಿಯಾಗಿ ಒಡೆಯಿತು. ನೂರಾರು ಅಂಗಡಿ ಬಾಡಿಗೆಗೆ ಹಿಡಿದ ಕಂಪನಿಗಳ, ವಿಮಾನಗಳನ್ನು ಬಾಡಿಗೆಗೆ ತಂದು ಹಾರಿಸುವ ಕಂಪನಿಗಳ ಅಢಾವೆ ಪತ್ರಿಕೆ ಆ ವರ್ಷ ಹೇಗೆ ಊದಿಕೊಂಡಿತೆಂದು ಊಹಿಸಬಹುದು. ಹನ್ನೆರಡು ತಿಂಗಳೊಳಗಿನ ಕರಾರಿಗೂ ಸಣ್ಣ ಬೆಲೆಯ ವಸ್ತುಗಳಿಗೂ ಈ ತಾಪತ್ರಯದಿಂದ ರಿಯಾಯಿತಿ ಪಡೆಯಬಹುದು. ಹಳೆಯ ಎಎಸ್ 19 ಅನುಸರಿಸುವ ಕಂಪನಿ ಇಂದಿಗೂ ಇಂಥ ಮಾಮೂಲಿ ಬಾಡಿಗೆಯನ್ನು ಬರೀ ಬಾಡಿಗೆಯಾಗಿಯೇ ಬರೆಯುತ್ತದೆ. ಒಂದೇ ಬೀದಿಯ ಎರಡು ಅಂಗಡಿಗಳ ಲೆಕ್ಕ ಎರಡು ಥರ ಕಾಣುವುದು ಇದರಿಂದ.

ಆದಾಯದ ಮಾನದಂಡ ಇಂಡ್ ಎಎಸ್ 115ರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅದರ ಐದು ಹೆಜ್ಜೆಗಳನ್ನು ವಿದ್ಯಾರ್ಥಿಗಳು ಗಿಣಿಪಾಠ ಒಪ್ಪಿಸುತ್ತಾರೆ, ಒಂದು ಬಿಲ್ ಕೊಟ್ಟು ಲೆಕ್ಕ ಮಾಡಿ ಎಂದರೆ ತಡವರಿಸುತ್ತಾರೆ. ಬಿಡಿಯಾಗಿ ಕೊಂಡರೆ 18,000 ರೂಪಾಯಿಯ ವಾಷಿಂಗ್ ಮೆಷಿನ್, ಬಿಡಿಯಾಗಿ ಕೊಂಡರೆ 6,000 ರೂಪಾಯಿಯ ಎರಡು ವರ್ಷದ ಸರ್ವಿಸ್, ಒಟ್ಟಿಗೆ ಕೊಂಡರೆ 20,000. ಅಂಗಡಿಯವನು ಇಲ್ಲಿ ಎರಡು ಮಾತು ಕೊಟ್ಟಿದ್ದಾನೆ. ಬಿಡಿ ಬೆಲೆಗಳು ಮೂರಕ್ಕೆ ಒಂದರಂತಿರುವುದರಿಂದ 15,000 ಮೆಷಿನ್ನಿನ ಪಾಲು, ಅದು ಮೆಷಿನ್ ಮನೆಗೆ ಮುಟ್ಟಿದ ದಿನ ಆದಾಯ. 5,000 ಸರ್ವಿಸ್ಸಿನ ಪಾಲು, ಅದು ಎರಡು ವರ್ಷಕ್ಕೆ ಹಂಚಿ ಬರುವ ಆದಾಯ. ಇಪ್ಪತ್ತು ಸಾವಿರವನ್ನೂ ಮೊದಲ ದಿನವೇ ಬರೆದುಕೊಂಡ ಕಂಪನಿ ಇನ್ನೂ ಮಾಡದ ಕೆಲಸಕ್ಕೆ ಲಾಭ ತೋರಿಸಿದಂತೆ.

ಭಾರತ ಎಲ್ಲಿ ಬೇರೆ ದಾರಿ ಹಿಡಿಯಿತು

ರಾಷ್ಟ್ರೀಯ ಮಾನದಂಡ ಎನ್ನುವ ಮಾತಿಗೆ ಅರ್ಥ ಬರುವುದು ದೇಶವೊಂದು ಯೋಚಿಸಿ ಒಪ್ಪಿದ ಮತ್ತು ಒಪ್ಪದ ಕಡೆಗಳಲ್ಲಿ. ಬಾಡಿಗೆ ಬರಲೆಂದೋ ಬೆಲೆ ಏರಲೆಂದೋ ಇಟ್ಟುಕೊಂಡ ಕಟ್ಟಡವನ್ನು ಅಂತರರಾಷ್ಟ್ರೀಯ ನಿಯಮದಲ್ಲಿ ಪೇಟೆ ಬೆಲೆಯಲ್ಲೂ ತೋರಿಸಬಹುದು, ಏರಿಕೆಯನ್ನು ಲಾಭಕ್ಕೆ ತೆಗೆದುಕೊಳ್ಳಬಹುದು. ನಮ್ಮ ಇಂಡ್ ಎಎಸ್ 40 ಅದಕ್ಕೆ ಒಪ್ಪಿಲ್ಲ. ಅಸಲಿನಲ್ಲೇ ಬರೆಯಿರಿ, ಪೇಟೆ ಬೆಲೆಯನ್ನು ಟಿಪ್ಪಣಿಯಲ್ಲಿ ತಿಳಿಸಿ ಎನ್ನುತ್ತದೆ. ನಮ್ಮಲ್ಲಿ ಸ್ಥಿರಾಸ್ತಿಯ ಬೆಲೆಯನ್ನು ನಂಬಿಕೆಯಿಂದ ಹೇಳುವುದು ಎಷ್ಟು ಕಷ್ಟ ಎಂದು ಸೈಟು ಕೊಂಡವರಿಗೆಲ್ಲ ಗೊತ್ತು. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ. ಹಾಗೆಯೇ, ಒಂದು ಕಂಪನಿ ಇನ್ನೊಂದನ್ನು ಅದರ ಮೌಲ್ಯಕ್ಕಿಂತ ಅಗ್ಗಕ್ಕೆ ಕೊಂಡರೆ ಆ ಉಳಿಕೆಯನ್ನು ಅಂತರರಾಷ್ಟ್ರೀಯ ನಿಯಮ ಲಾಭವೆನ್ನುತ್ತದೆ. ಇಂಡ್ ಎಎಸ್ 103 ಅದನ್ನು ಲಾಭದಿಂದ ದೂರವಿಟ್ಟು ಬಂಡವಾಳ ಮೀಸಲಿಗೆ ಕಳಿಸುತ್ತದೆ.

ಇಂಥ ವ್ಯತ್ಯಾಸಗಳನ್ನು ಹುಡುಕಿಕೊಂಡು ಗೈಡಿಗೆ ಹೋಗಬೇಕಿಲ್ಲ. ಇಂಡ್ ಎಎಸ್‌ಗಳ ಕೊನೆಯಲ್ಲಿ ‘ಅನುಬಂಧ 1’ ಎಂದಿದೆ. ಆ ಮಾನದಂಡ ಅಂತರರಾಷ್ಟ್ರೀಯ ಮೂಲಕ್ಕಿಂತ ಎಲ್ಲಿ ಬೇರೆಯಾಗಿದೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಪಠ್ಯಪುಸ್ತಕ ಬರೆದವರೂ ತೆಗೆದುಕೊಳ್ಳುವುದು ಅಲ್ಲಿಂದಲೇ.

ಮಾನದಂಡ ಇದ್ದಮಾತ್ರಕ್ಕೆ ಮೋಸ ನಿಲ್ಲುವುದಿಲ್ಲ ಎಂಬುದನ್ನೂ ಓದುವಾಗ ನೆನಪಿಡಬೇಕು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂಬ ಒಪ್ಪಿಗೆಯಿತ್ತು. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ನೋಡುವುದಕ್ಕೆ ಯಾವ ಹೊಸ ಮಾನದಂಡವೂ ಬೇಕಿರಲಿಲ್ಲ. ಮುಂದೆ 2013ರ ಕಾಯ್ದೆಯ 132ನೇ ಕಲಮಿನಡಿ, ದೊಡ್ಡ ಕಂಪನಿಗಳ ಲೆಕ್ಕ ಮತ್ತು ಆಡಿಟ್ ಮೇಲೆ ಕಣ್ಣಿಡಲು ರಾಷ್ಟ್ರೀಯ ಪ್ರಾಧಿಕಾರವೊಂದು 2018ರ ಅಕ್ಟೋಬರ್‌ನಲ್ಲಿ ಬಂತು. ಅದರ ಚಿಕ್ಕ ಹೆಸರು ಎನ್‌ಎಫ್‌ಆರ್‌ಎ. ಮಾನದಂಡಗಳ ಕರಡು ಈಗ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯಿಂದ ಹೊರಟು, ಈ ಪ್ರಾಧಿಕಾರದ ಶಿಫಾರಸು ಪಡೆದು, ಕೇಂದ್ರ ಸರ್ಕಾರದ ಅಧಿಸೂಚನೆಯಾಗಿ ಗೆಜೆಟ್ಟಿಗೆ ಬರುತ್ತದೆ. ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ವಿದ್ಯಾರ್ಥಿಗಳೂ ಬರೆಯಬಹುದು.

ತರಗತಿಯಲ್ಲಿ ತಪ್ಪುತ್ತಿರುವುದು

ನಮ್ಮ ವಿಶ್ವವಿದ್ಯಾಲಯಗಳ ಬಿ.ಕಾಂ. ಪಠ್ಯಕ್ಕೆ ಇಂಡ್ ಎಎಸ್ ಬಂದಿದೆ. ಸಂತೋಷ. ಪ್ರಶ್ನೆಪತ್ರಿಕೆ ಮಾತ್ರ ಹಳೆಯ ಜಾಡು ಬಿಟ್ಟಿಲ್ಲ. ‘ಎಎಸ್ 2ರ ಉದ್ದೇಶ ಬರೆಯಿರಿ’, ‘ಯಾವುದಾದರೂ ಐದು ಮಾನದಂಡಗಳನ್ನು ಹೆಸರಿಸಿ’ ಎಂಬ ಪ್ರಶ್ನೆಗೆ ನೆನಪಿನ ಶಕ್ತಿ ಸಾಕು. ಮಾನದಂಡ ಬೇಡುವುದು ವಿವೇಚನೆಯನ್ನು. ಬರಬಹುದಾದ ಹೊಣೆಗಳ ಮಾನದಂಡವಾದ ಎಎಸ್ 29 ಓದಿದ ವಿದ್ಯಾರ್ಥಿಗೆ, ಒಂದು ಕಂಪನಿಯ ಮೇಲೆ ಗಿರಾಕಿಯೊಬ್ಬ ಹೂಡಿದ ದಾವೆ, ವಕೀಲರ ಅಭಿಪ್ರಾಯ, ಇಂಥದೇ ಹಳೆಯ ದಾವೆಗಳಲ್ಲಿ ಬಂದ ತೀರ್ಪು, ಈ ಮೂರನ್ನು ಕೊಟ್ಟು ಹಣ ತೆಗೆದಿಡಬೇಕೋ ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕೋ ಎಂದು ಕೇಳಬೇಕು. ಉತ್ತರಕ್ಕಿಂತ ಅವನು ಕೊಟ್ಟ ಕಾರಣಕ್ಕೆ ಅಂಕ ಕೊಡಬೇಕು.

ಹಳಸಿದ ಪುಸ್ತಕಗಳದು ಇನ್ನೊಂದು ಕಾಟ. ಸವಕಳಿಯ ಎಎಸ್ 6 ಈಗ ಇಲ್ಲ, 2016ರಲ್ಲಿ ಎಎಸ್ 10ರೊಳಗೆ ಸೇರಿಹೋಯಿತು. ಎಎಸ್ 8ನ್ನು ಅದಕ್ಕೂ ಮುಂಚೆಯೇ ಎಎಸ್ 26 ನುಂಗಿತ್ತು. ಅದಕ್ಕೇ 29ರವರೆಗೆ ನಂಬರಿದ್ದರೂ ಎಎಸ್‌ಗಳು ಇರುವುದು 27. ಇಂಡ್ ಎಎಸ್ 17, 18 ಕೂಡ ಹಿಂದಕ್ಕೆ ಸರಿದು 116, 115 ಬಂದಿವೆ. ಕೈಯಲ್ಲಿರುವ ಪುಸ್ತಕ ಇವನ್ನು ಜಾರಿಯಲ್ಲಿರುವಂತೆ ಹೇಳುತ್ತಿದ್ದರೆ ಪುಸ್ತಕ ಬದಲಿಸಿ. ಮಾನದಂಡಗಳ ಪೂರ್ಣ ಪಾಠ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಲೆಕ್ಕಶಾಸ್ತ್ರ ಓದಿ ಬಂದವರಿಗೆ ಆ ಪಾಠದ ಇಂಗ್ಲಿಷ್ ವಾಕ್ಯಗಳು ಮೊದಮೊದಲು ಕಬ್ಬಿಣದ ಕಡಲೆ. ಒಂದೇ ವಾಕ್ಯದಲ್ಲಿ ನಿಯಮ, ಅದಕ್ಕೊಂದು ಷರತ್ತು, ಷರತ್ತಿಗೊಂದು ವಿನಾಯಿತಿ. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಪಕ್ಕದವರಿಗೆ ನಿಮ್ಮ ಮನೆಮಾತಿನಲ್ಲಿ ಹೇಳಿ. ಹೇಳಲು ಬಂದರೆ ತಿಳಿದಿದೆ. ಬರದಿದ್ದರೆ ಎಲ್ಲಿ ತೊಡರಿದಿರೋ ಆ ಜಾಗವನ್ನು ಮತ್ತೆ ಓದಿ. ದಪ್ಪ ಅಕ್ಷರದ ಪ್ಯಾರಾಗಳು ಮುಖ್ಯ, ತೆಳುವಾದವು ವಿವರಣೆ ಎಂದು ಹಲವರು ಬಿಟ್ಟುಬಿಡುತ್ತಾರೆ. ಎರಡಕ್ಕೂ ಸಮಾನ ಅಧಿಕಾರವಿದೆ ಎಂದು ಇಂಡ್ ಎಎಸ್‌ಗಳೇ ಮೊದಲ ಪುಟದಲ್ಲಿ ಹೇಳಿವೆ. ಮೊದಲು ವ್ಯಾಪ್ತಿಯನ್ನು, ಅಂದರೆ ಇದು ಯಾವುದಕ್ಕೆ ಅನ್ವಯಿಸುತ್ತದೆ ಯಾವುದಕ್ಕೆ ಇಲ್ಲ ಎಂಬ ಭಾಗವನ್ನು, ನಿಧಾನವಾಗಿ ಓದುವುದು ಒಳ್ಳೆಯ ರೂಢಿ. ಕಾಫಿ ತೋಟದಲ್ಲಿ ಅರ್ಧ ಕೆಲಸ ಮುಗಿದದ್ದು ಅಲ್ಲೇ.

ಅಧ್ಯಾಪಕರಲ್ಲಿ ಒಂದು ಕೋರಿಕೆ. ಮಾನದಂಡವನ್ನು ವಾರ್ಷಿಕ ವರದಿಯಿಲ್ಲದೆ ಕಲಿಸಬೇಡಿ. ಪಟ್ಟಿಯಾದ ಪ್ರತಿಯೊಂದು ಕಂಪನಿಯ ವರದಿಯೂ ಅದರ ಜಾಲತಾಣದಲ್ಲಿ ಸಿಗುತ್ತದೆ. ಮಂಗಳೂರಿನ ಕರ್ಣಾಟಕ ಬ್ಯಾಂಕಿನ ವರದಿಯನ್ನೂ ಬೆಂಗಳೂರಿನ ಇನ್ಫೋಸಿಸ್ ವರದಿಯನ್ನೂ ಪಕ್ಕಪಕ್ಕದಲ್ಲಿ ತೆರೆದಿಡಿ. ಒಂದು ಹಳೆಯ ಎಎಸ್‌ನಲ್ಲಿದೆ, ಇನ್ನೊಂದು ಇಂಡ್ ಎಎಸ್‌ನಲ್ಲಿ. ಬಾಡಿಗೆ ಕಟ್ಟಡಗಳು ಒಂದರಲ್ಲಿ ಎಲ್ಲಿ ಕಾಣುತ್ತವೆ, ಇನ್ನೊಂದರಲ್ಲಿ ಎಲ್ಲಿ ಎಂದು ವಿದ್ಯಾರ್ಥಿಗಳೇ ಹುಡುಕಲಿ. ಎರಡು ತರಗತಿಯ ಉಪನ್ಯಾಸ ಮಾಡಲಾಗದ ಕೆಲಸವನ್ನು ಆ ಒಂದು ಗಂಟೆಯ ಹುಡುಕಾಟ ಮಾಡುತ್ತದೆ.

ವಿದ್ಯಾರ್ಥಿಗಳೇ, ಈ ವಾರವೇ ನಿಮಗೆ ಪರಿಚಯವಿರುವ ಒಂದು ಕಂಪನಿಯ ವರದಿ ಇಳಿಸಿಕೊಳ್ಳಿ. ನೀವು ಬಳಸುವ ಸೋಪಿನದೋ, ನಿಮ್ಮೂರ ಹತ್ತಿರದ ಕಾರ್ಖಾನೆಯದೋ ಆಗಬಹುದು. ಬಣ್ಣದ ಚಿತ್ರಗಳ ಪುಟಗಳನ್ನು ದಾಟಿ ಆಡಿಟರ ವರದಿಗೆ ಹೋಗಿ, ‘ಪ್ರಮುಖ ಆಡಿಟ್ ವಿಷಯಗಳು’ ಎಂಬ ಭಾಗವನ್ನು ಓದಿ. ಆ ವರ್ಷದ ಆಡಿಟ್‌ನಲ್ಲಿ ಯಾವ ಲೆಕ್ಕಕ್ಕೆ ಹೆಚ್ಚು ಗಮನ ಕೊಡಬೇಕಾಯಿತು ಎಂದು ಅಲ್ಲಿ ಬರೆದಿರುತ್ತದೆ. ಆ ಲೆಕ್ಕದ ಟಿಪ್ಪಣಿಯನ್ನೂ ಅದಕ್ಕೆ ಸಂಬಂಧಪಟ್ಟ ಮಾನದಂಡವನ್ನೂ ಎದುರುಬದುರು ಇಟ್ಟುಕೊಂಡು ಕೂರಿ.